ಗಜೇಂದ್ರಗಡ ಒಪ್ಪಂದ (1787)

ಮೈಸೂರಿನ ಟಿಪ್ಪು ಸುಲ್ತಾನನಿಗೂ ಪುಣೆಯ ಪೇಶ್ವೆ ಮತ್ತು ಹೈದರಾಬಾದಿನ ನಿಜಾಮರ ಕೂಟಕ್ಕೂ 1787ರಲ್ಲಿ ಆದ ಸಂಧಿ ಇದು. ಈಗಿನ ಗದಗ ಜಿಲ್ಲೆಯ ಗಜೇಂದ್ರಗಡದ ಹೆಸರಿನಿಂದ ಪ್ರಸಿದ್ಧವಾದ ಈ ಒಪ್ಪಂದ, ನರಗುಂದದ ಕೋಟೆಯಲ್ಲಿ ಹೊತ್ತಿಕೊಂಡ ಜಗಳವನ್ನು ನಿಲ್ಲಿಸಿತು. ಆಗ ಕನ್ನಡ ನೆಲ ಶ್ರೀರಂಗಪಟ್ಟಣ, ಪುಣೆ, ಹೈದರಾಬಾದುಗಳ ನಡುವೆ ಹರಿದು ಹಂಚಿಹೋಗಿತ್ತು.

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಣ ಎರೆಭೂಮಿಯನ್ನು ಟಿಪ್ಪುವಿನ ತಂದೆ ಹೈದರಾಲಿ 1778ರ ಸುಮಾರಿಗೆ ವಶಪಡಿಸಿಕೊಂಡಿದ್ದ. ಇಂಗ್ಲಿಷರ ವಿರುದ್ಧ ಅವನ ನೆರವು ಬೇಕಾಗಿದ್ದ ಪುಣೆ, ವಾರ್ಷಿಕ ಕಪ್ಪದ ಕರಾರಿನ ಮೇಲೆ 1780ರಲ್ಲಿ ಇದನ್ನು ಒಪ್ಪಿಕೊಂಡಿತು. ಹೀಗೆ ನರಗುಂದದ ಭಾವೆ ಮನೆತನ ಮೈಸೂರಿನ ಅಧೀನಕ್ಕೆ ಬಂತು. ಹೈದರ್ 1782ರಲ್ಲಿ ತೀರಿಕೊಂಡ. ಬಳಿಕ ಟಿಪ್ಪು ನರಗುಂದದ ವೆಂಕಟರಾವ್ ಭಾವೆಯಿಂದ ಹೆಚ್ಚಿನ ಕಪ್ಪ ಕೇಳಿದ. ಪುಣೆಯ ಮಂತ್ರಿ ನಾನಾ ಫಡ್ನವೀಸ ಅಡ್ಡಬಂದ: ಪ್ರಾಂತ ಕೈಬದಲಾದರೂ ಜಹಗೀರುದಾರ ರೂಢಿಯ ಕಪ್ಪಕ್ಕಿಂತ ಹೆಚ್ಚು ತೆರಬೇಕಾಗಿಲ್ಲ ಎಂಬುದು ಅವನ ವಾದ. ನನ್ನ ಅಧೀನದವರ ವಿಚಾರ ನನಗೆ ಬಿಟ್ಟದ್ದು ಎಂದು ಟಿಪ್ಪು ಉತ್ತರಿಸಿದ.

1785ರಲ್ಲಿ ಟಿಪ್ಪುವಿನ ಸೇನಾನಿ ಬುರ್ಹಾನುದ್ದೀನನ ದಂಡು ನರಗುಂದಕ್ಕೆ ಮುತ್ತಿಗೆ ಹಾಕಿತು. ತಿಂಗಳುಗಟ್ಟಲೆ ಹೋರಾಡಿದ ಕೋಟೆ ಕೊನೆಗೆ ಬಿತ್ತು. ವೆಂಕಟರಾವ್ ಮತ್ತು ಅವನ ದಿವಾನ ಕಾಳೋಪಂತ ಕನಕಪುರದ ಬಳಿಯ ಕಬ್ಬಾಳದುರ್ಗದ ಸೆರೆಮನೆ ಸೇರಿದರು. ಕಿತ್ತೂರೂ ಟಿಪ್ಪುವಿನ ವಶವಾಯಿತು.

ಪುಣೆ ಮತ್ತು ಹೈದರಾಬಾದು ಒಂದಾಗಿ 1786ರ ಮೇ ತಿಂಗಳಲ್ಲಿ ಬಾದಾಮಿಯನ್ನು ಗೆದ್ದವು. ಮರಾಠರ ದಂಡನಾಯಕ ಹರಿಪಂತ ಫಡಕೆ ಮುಂದೆ ಗಜೇಂದ್ರಗಡವನ್ನೂ ಹಿಡಿದ. ಮಳೆಗಾಲದಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ಮೈಸೂರಿನ ಸೈನ್ಯ ದಾಟಲಾರದು ಎಂಬುದು ಮರಾಠರ ಎಣಿಕೆಯಾಗಿತ್ತು. ಟಿಪ್ಪು ತೆಪ್ಪ, ಹರಿಗೋಲುಗಳನ್ನು ಕೂಡಿಸಿ, ಆಗಸ್ಟಿನ ಮಹಾಪೂರದಲ್ಲೇ ಕುದುರೆ, ತೋಪು, ಮಂದಿಯನ್ನೆಲ್ಲ ಈಚೆ ದಡಕ್ಕೆ ಸಾಗಿಸಿದ. ಆ ವರ್ಷದ ಯುದ್ಧದಲ್ಲಿ ಇದಕ್ಕಿಂತ ದಿಟ್ಟವಾದ ನಡೆ ಇನ್ನೊಂದಿಲ್ಲ. ಸವಣೂರಿನ ನವಾಬ ಊರು ಬಿಟ್ಟು ಮರಾಠರನ್ನು ಸೇರಿಕೊಂಡ. ಕೊಪ್ಪಳದ ಬಳಿಯ ಬಹದ್ದೂರಬಂಡಿ 1787ರ ಆರಂಭದಲ್ಲಿ ಟಿಪ್ಪುವಿನ ಕೈಸೇರಿತು.

ಹೀಗೆ ಗೆಲ್ಲುತ್ತಿದ್ದವನೇ ಸಂಧಿಗೆ ಮುಂದಾದ. ಕಾರಣ ಇಂಗ್ಲಿಷರು. ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ 1786ರ ಸೆಪ್ಟೆಂಬರಿನಲ್ಲಿ ಕಲ್ಕತ್ತೆಗೆ ಬಂದಿಳಿದಿದ್ದ, ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ ಚಾರ್ಲ್ಸ್ ಮ್ಯಾಲೆಟ್ ಪುಣೆಯಲ್ಲಿ ತಳವೂರಿದ್ದ. ಎರಡು ಕಡೆ ಕಾದಾಡುವ ಸ್ಥಿತಿ ಟಿಪ್ಪುವಿಗೆ ಬೇಡವಾಗಿತ್ತು. ಮರಾಠ ಸರದಾರರಾದ ತುಕೋಜಿ ಹೋಳ್ಕರ ಮತ್ತು ಗಂಗಾಧರ ರಾಸ್ತೆಯರ ಮಧ್ಯಸ್ಥಿಕೆಯಲ್ಲಿ ಮಾತು ಕುದುರಿತು.

ಕರಾರುಗಳು ಹೀಗಿದ್ದವು: ಹಿಂದಿನ ವರ್ಷಗಳ ಬಾಕಿ ಕಪ್ಪವನ್ನು ಟಿಪ್ಪು ತೆರಬೇಕು. ಈ ಮೊತ್ತ 45 ಲಕ್ಷವೆಂದು ಕೆಲವರು, 48 ಲಕ್ಷ ರೂಪಾಯಿಯೆಂದು ಕೆಲವರು ಬರೆದಿದ್ದಾರೆ. ಹೆಚ್ಚಿನ ಪಾಲು ಕೂಡಲೇ ಸಂದಾಯವಾಗಬೇಕಿತ್ತು. ಬಾದಾಮಿ ಮರಾಠರಿಗೆ, ಆದವಾನಿ ಮರಳಿ ನಿಜಾಮನ ಕಡೆಗೆ, ನರಗುಂದ ಮತ್ತು ಕಿತ್ತೂರು ಮೊದಲಿನ ಒಡೆಯರಿಗೆ. ಕಾಳೋಪಂತನ ಬಿಡುಗಡೆ. ಪ್ರತಿಯಾಗಿ ಮರಾಠರು ಟಿಪ್ಪುವನ್ನು ‘ನವಾಬ ಟಿಪ್ಪು ಸುಲ್ತಾನ ಫತೇ ಅಲಿ ಖಾನ’ ಎಂದು ಸಂಬೋಧಿಸಬೇಕು. ಹೈದರನ ಮಗನೆಂದಷ್ಟೇ ಕಂಡಿದ್ದ ಪುಣೆಯಿಂದ ಈ ಮನ್ನಣೆ ಪಡೆಯುವುದು ಅವನಿಗೆ ಹಣಕ್ಕಿಂತ ಸಣ್ಣ ವಿಷಯವೇನೂ ಆಗಿರಲಿಲ್ಲ.

ಕೋಟೆ, ಕಪ್ಪ, ಬಿರುದು: ಚೌಕಾಶಿ ನಡೆದದ್ದು ಇಷ್ಟಕ್ಕೇ. ಎರಡು ವರ್ಷ ದಂಡುಗಳ ಕಾಲಡಿಯಲ್ಲಿ ಸವೆದ ರೋಣ, ನರಗುಂದದ ಹೊಲಗಳ ರೈತನಿಗೆ ಈ ಒಪ್ಪಂದದಲ್ಲಿ ಒಂದು ಸಾಲಿನ ಜಾಗವೂ ಸಿಗಲಿಲ್ಲ. ಎರಡೂ ಬಣದವರ ನಡುವೆ ಬದುಕುತ್ತಿದ್ದ ಕನ್ನಡಿಗರು ಒಂದೇ ನಾಡಿನವರೆಂಬ ವಿಚಾರ ಆ ಮಾತುಕತೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಶಾಂತಿ ಮೂರು ವರ್ಷ ಬಾಳಿತು. 1790ರಲ್ಲಿ ಪುಣೆ, ಹೈದರಾಬಾದುಗಳೆರಡೂ ಕಾರ್ನ್‌ವಾಲಿಸ್ ಪಕ್ಷ ಸೇರಿದವು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಪೇಶ್ವೆಯ ಆಳ್ವಿಕೆಯೂ 1818ರಲ್ಲಿ ಮುಗಿಯಿತು. ದತ್ತಕವನ್ನು ಒಪ್ಪದ ಕಂಪನಿಯ ವಿರುದ್ಧ ಬಂಡೆದ್ದ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯನ್ನು 1858ರ ಜೂನ್‌ನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ನರಗುಂದ, ರೋಣ ಮುಂಬಯಿ ಪ್ರಾಂತದಲ್ಲಿ ಉಳಿದವು; ಗಜೇಂದ್ರಗಡದ ಪಕ್ಕದ ಯಲಬುರ್ಗಾ, ಕುಷ್ಟಗಿ ನಿಜಾಮನ ಸೀಮೆ. ನೆರೆಹೊರೆಯ ಊರುಗಳಿಗೆ ಸರಕಾರ ಬೇರೆ, ಕಾನೂನು ಬೇರೆ.

ಈ ಗಡಿಯ ಮೇಲೆಯೇ 1947–48ರಲ್ಲಿ ಮತ್ತೆ ಕಾಳಗ ನಡೆಯಿತು. ನಿಜಾಮ 1947ರ ನವೆಂಬರಿನಲ್ಲಿ ಭಾರತದೊಂದಿಗೆ ಯಥಾಸ್ಥಿತಿ ಕರಾರು ಮಾಡಿಕೊಂಡರೂ ವಿಲೀನಕ್ಕೆ ಒಪ್ಪಿರಲಿಲ್ಲ. ನಿಜಾಮನ ಪರದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿ ಎದುರಿಸಲು ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ನೇತೃತ್ವದ ಶಿಬಿರ ಕೆಲಸ ಮಾಡಿತು. ಮುಂಡರಗಿಯಲ್ಲೂ ಅಂಥದೇ ಶಿಬಿರವಿತ್ತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದು ಶರಣಾಯಿತು. ಈ ಸಲ ಸ್ವತಃ ಜನರೇ ಷರತ್ತು ಮುಂದಿಟ್ಟಿದ್ದರು: ವಿಲೀನ, ಜವಾಬ್ದಾರಿ ಸರಕಾರ.

ಕನ್ನಡ ನಾಡಿನ ಏಕೀಕರಣದ ಬೇಡಿಕೆಯೂ ಇದೇ ಸೀಮೆಯಲ್ಲಿ ಗಟ್ಟಿಯಾಗಿತ್ತು. ರೋಣ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ 1947ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕರ್ನಾಟಕ ಪ್ರಾಂತರಚನೆಯ ಠರಾವು ಮಂಡಿಸಿದರು. 1953ರಲ್ಲಿ ತಮ್ಮೂರಲ್ಲಿ ಉಪವಾಸ ಕೂತರು. ಹುಬ್ಬಳ್ಳಿ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರ ಉಪವಾಸವೂ ಅದೇ ವರ್ಷದ್ದು. 1956ರ ನವೆಂಬರ್ 1ರಂದು ಗಜೇಂದ್ರಗಡ ಮತ್ತು ಯಲಬುರ್ಗಾ ಒಂದೇ ರಾಜ್ಯದ ಊರುಗಳಾದವು. ಕಾಸರಗೋಡು ಕೇರಳಕ್ಕೆ ಹೋಯಿತು. ಚಂದಗಡ, ಅಕ್ಕಲಕೋಟೆ, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿದವು.