ಮಾನಿ ಕಾಣದ ಶರಾವತಿ

ಗಂಡಹೆಂಡಿರಿಬ್ಬರು ದೋಣಿಯಲ್ಲಿ ಕುಳಿತು ಊರಿಂದ ಊರಿಗೆ ನದಿಯ ಮೇಲೆಯೇ ಪ್ರಯಾಣ ಮಾಡುವ ನೋಟವು ನಮ್ಮ ಬಯಲುಸೀಮೆಯ ಕಣ್ಣಿಗೆ ಹೊಸದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮೇಲೆ ಬಿದ್ದ ಮಳೆಯ ನೀರು ಬಹುಪಾಲು ಇಳಿದು ಸೇರುವುದು ವೃಷಭಾವತಿಗೆ. ಆ ಹೊಳೆಯು ಗಾಳಿ ಆಂಜನೇಯನ ಗುಡಿಯನ್ನು ಹಾದು, ಕೆಂಗೇರಿಯ ಮಗ್ಗುಲಲ್ಲಿ ಹರಿದು, ಕನಕಪುರದ ಕಡೆ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ಭೂಪಟವನ್ನು ನೋಡಿದರೆ ಕೆಂಗೇರಿಯಿಂದ ಸಮುದ್ರದವರೆಗೂ ನೀರಿನ ದಾರಿ ಉಂಟು. ಆದರೆ ಆ ದಾರಿಯಲ್ಲಿ ದೋಣಿ ಸಾಗಲಾರದು. ಮೇಲ್ಭಾಗದಲ್ಲಿ ನೀರು ಸಾಲದು. ಮುಂದೆ ಹೋದರೆ ಬಂಡೆ, ಮಡು, ಕಮರಿ. ಸಾಲದ್ದಕ್ಕೆ ಇಂದು ವೃಷಭಾವತಿಯಲ್ಲಿ ಹರಿಯುವುದು ಹೆಚ್ಚಾಗಿ ಊರಿನ ಕೊಳೆನೀರು.

ಬಯಲುಸೀಮೆಯ ದೊಡ್ಡ ನದಿಗಳಲ್ಲಾದರೂ ದೋಣಿಯ ಕೆಲಸ ದಾಟಿಸುವುದೇ ಹೊರತು ಸಾಗಿಸುವುದಲ್ಲ. ೧೫೨೦ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ ದೊಮಿಂಗೊ ಪಾಯಸನು ತುಂಗಭದ್ರೆಯ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿನ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ. ನೇರವಾಗಿ ಹೋಗಲಾರದೆ ಸುತ್ತುತ್ತ ಸುತ್ತುತ್ತ ಆಚೆ ದಡ ಸೇರುತ್ತದೆ. ಅದೇ ಅರಸರು ತೋಡಿಸಿದ ಕಾಲುವೆಗಳಾದರೋ ಗದ್ದೆಗೆ ನೀರುಣಿಸುವುದಕ್ಕಾಗಿ ಇದ್ದುವು.

ಘಟ್ಟದ ಕೆಳಗೆ ಇಳಿದರೆ ಲೆಕ್ಕವೇ ಬೇರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಇವೆಲ್ಲ ಘಟ್ಟದಿಂದ ರಭಸವಾಗಿ ಇಳಿದು, ಕೊನೆಯ ಕೆಲವು ಮೈಲಿಗಳಲ್ಲಿ ಸಮತಟ್ಟಾಗಿ ಹರಡಿಕೊಳ್ಳುತ್ತವೆ. ಆ ಭಾಗಕ್ಕೆ ಸಮುದ್ರದ ಭರತವು ದಿನಕ್ಕೆರಡು ಬಾರಿ ಏರಿಬರುತ್ತದೆ. ಭರತದೊಡನೆ ದೋಣಿಯನ್ನು ಮೇಲಕ್ಕೆ ಬಿಟ್ಟು, ಇಳಿತದೊಡನೆ ಕೆಳಕ್ಕೆ ತರುವುದು ಅಲ್ಲಿನ ಅಂಬಿಗರ ವಿದ್ಯೆ. ಇಂಥ ನೀರದಾರಿಗಳಲ್ಲಿ ಹೆಸರಾಂತುದು ಹೊನ್ನಾವರದಿಂದ ಗೇರುಸೊಪ್ಪೆಯವರೆಗಿನ ಸುಮಾರು ೧೮ ಮೈಲಿಯ ಶರಾವತಿ. ಘಟ್ಟದ ಕಾಳುಮೆಣಸು ಎತ್ತಿನ ಬೆನ್ನ ಮೇಲೆ ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಯೇರಿ ಹೊನ್ನಾವರದ ಬಂದರಿಗೆ ಬರುತ್ತಿತ್ತು. ಈ ದಾರಿಯಲ್ಲಿ ೧೬೨೩ರ ಅಕ್ಟೋಬರ್ ಕೊನೆಯಲ್ಲಿ ಹೋದ ಒಂದು ದೋಣಿಯ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಅದನ್ನು ಬರೆದಿಟ್ಟವನು ರೋಮ್ ನಗರದ ಶ್ರೀಮಂತ ಮನೆತನದ ಪಿಯೆತ್ರೊ ದೆಲ್ಲಾ ವಾಲ್ಲೆ. ಅವನಿಗೆ ಆಗ ೩೭ ವರ್ಷ. ಅವನೊಡನೆ ಬರಬೇಕಾಗಿದ್ದ ಹೆಂಡತಿ ಬಂದಿರಲಿಲ್ಲ.

ಆಕೆಯ ಹೆಸರು ಮಾನಿ. ಅರಬ್ಬೀ ಭಾಷೆಯಲ್ಲಿ ಆ ಮಾತಿಗೆ ‘ಅರ್ಥಗಳು’ ಎಂದು ಅರ್ಥ. ಪಿಯೆತ್ರೊ ೧೬೧೪ರಲ್ಲಿ ವೆನಿಸ್ ನಗರದಿಂದ ಹಡಗೇರಿ, ತುರ್ಕಿ, ಈಜಿಪ್ಟ್, ಜೆರೂಸಲೆಮ್‌ಗಳನ್ನು ನೋಡಿಕೊಂಡು ಬಾಗ್ದಾದಿಗೆ ಬಂದನು. ಅಲ್ಲಿ ೧೬೧೬ರಲ್ಲಿ, ಹದಿನೆಂಟರ ಆಸುಪಾಸಿನ ಈ ಕ್ರೈಸ್ತ ಕನ್ಯೆಯನ್ನು ಮದುವೆಯಾದನು. ಮಾನಿಯು ಮನೆಯಲ್ಲಿ ಕುಳಿತು ಗಂಡನ ದಾರಿ ಕಾಯುವವಳಲ್ಲ. ಅವನೊಡನೆ ಪರ್ಷಿಯಾಕ್ಕೆ ಹೋದಳು. ಇಸ್ಫಹಾನಿನಲ್ಲಿ ಸಂಸಾರ ಹೂಡಿದಳು. ಷಾ ಅಬ್ಬಾಸನ ಬೀಡಿನ ಹಿಂದೆ ಕ್ಯಾಸ್ಪಿಯನ್ ಸಮುದ್ರದ ತೀರದವರೆಗೂ ಸಂಚರಿಸಿದಳು. ಕೊನೆಗೆ ರೋಮಿಗೆ ಹೋಗೋಣವೆಂದು ಇಬ್ಬರೂ ನಿಶ್ಚಯಿಸಿದಾಗ, ಹೊರ್ಮುಜಿನಲ್ಲಿ ಹಡಗು ಹತ್ತಿ ಭಾರತದ ಮೂಲಕ ಹೋಗುವುದೆಂದು ಗೊತ್ತಾಯಿತು. ಅಷ್ಟರಲ್ಲಿ ಪರ್ಷಿಯನ್ನರೂ ಇಂಗ್ಲಿಷರೂ ಸೇರಿ ಪೋರ್ಚುಗೀಸರ ಹೊರ್ಮುಜಿಗೆ ಮುತ್ತಿಗೆ ಹಾಕುವ ಸನ್ನಾಹ ಬಂದು ದಾರಿ ಕಟ್ಟಿತು. ದಾರಿ ತೆರೆಯುವುದನ್ನು ಕಾಯುತ್ತ ಮೀನಾ ಎಂಬ ಊರಿನಲ್ಲಿದ್ದಾಗ ಜ್ವರ ತಗಲಿ, ಗರ್ಭ ಕಳೆದು, ೧೬೨೧ರ ಡಿಸೆಂಬರ್ ೩೦ರಂದು ಮಾನಿ ತೀರಿಕೊಂಡಳು.

ಪಿಯೆತ್ರೊ ಆಕೆಯನ್ನು ಅಲ್ಲಿ ಮಣ್ಣು ಮಾಡಲಿಲ್ಲ. ದೇಹಕ್ಕೆ ಕರ್ಪೂರ ಹಾಕಿಸಿ, ಪೆಟ್ಟಿಗೆಯಲ್ಲಿಡಿಸಿ, ರೋಮಿನಲ್ಲಿರುವ ತನ್ನ ಮನೆತನದ ಸಮಾಧಿಗೇ ಒಯ್ಯುವೆನೆಂದು ಸಂಕಲ್ಪ ಮಾಡಿದನು. ಹಡಗಿನವರು ಹೆಣವನ್ನು ಒಪ್ಪರು, ಸುಂಕದವರು ಬಿಡರು. ಆದಕಾರಣ ಬಟ್ಟೆಬರೆಯ ಅಡಿಯಲ್ಲಿ ಅದನ್ನು ಮರೆಮಾಡಿ, ೧೬೨೩ರ ಫೆಬ್ರವರಿಯಲ್ಲಿ ಇಂಗ್ಲಿಷರ ಹಡಗಿನಲ್ಲಿ ಸೂರತ್ತಿಗೆ ಬಂದನು. ಮಾನಿ ಸಾಕಿದ್ದ ಮರಿಯುಚ್ಚಾ ಎಂಬ ಜಾರ್ಜಿಯಾ ದೇಶದ ಅನಾಥ ಹುಡುಗಿಯೂ ಜೊತೆಗಿದ್ದಳು. ಏಪ್ರಿಲಿನಲ್ಲಿ ಗೋವೆಯನ್ನು ಸೇರಿದ ಮೇಲೆ ಹುಡುಗಿಯನ್ನು ಅಲ್ಲಿಯ ಗೃಹಿಣಿಯೊಬ್ಬಳ ಆಶ್ರಯದಲ್ಲಿ ಬಿಟ್ಟು, ಕನ್ನಡನಾಡಿನ ಕಡೆಗೆ ಹೊರಟನು.

ಹೊರಡಲು ಅವಕಾಶ ಒದಗಿಸಿದುದು ಪೋರ್ಚುಗೀಸರ ರಾಯಭಾರ. ಇಕ್ಕೇರಿಯ ವೆಂಕಟಪ್ಪನಾಯಕನು ಆಗ ಕರಾವಳಿಯ ಮೆಣಸಿಗೆ ಒಡೆಯ. ಅವನಲ್ಲಿಗೆ ಗೋವೆಯ ಸರಕಾರವು ರಾಯಭಾರಿಯನ್ನು ಕಳುಹಿಸಿತು. ನಾಯಕನ ಕಡೆಯ ವಿಠಲ ಶೆಣೈ ಎಂಬ ಬ್ರಾಹ್ಮಣನೂ ಜೊತೆಯಾದನು. ಮಾತಾಡಬೇಕಾದ ವಿಷಯಗಳಲ್ಲಿ ಒಂದು ಮೆಣಸಿನ ವ್ಯಾಪಾರ. ಇನ್ನೊಂದು, ನಾಯಕನು ಗೆದ್ದುಕೊಂಡಿದ್ದ ಬಂಗರ ಸೀಮೆಯ ಸಂಗತಿ. ಈ ಎರಡನೆಯ ಸಂಗತಿಯ ಬೇರು ಇನ್ನೊಂದು ದಾಂಪತ್ಯದಲ್ಲಿತ್ತು ಎಂಬುದು ಗಮನಿಸತಕ್ಕ ವಿಚಾರ.

ಉಳ್ಳಾಲದ ರಾಣಿಯೂ ನೆರೆಯ ಬಂಗರಸನೂ ಸತಿಪತಿಗಳು. ಇಬ್ಬರಿಗೂ ಸ್ವಂತ ಸೀಮೆ, ಸ್ವಂತ ಅಧಿಕಾರ. ದೆಲ್ಲಾ ವಾಲ್ಲೆ ಕೇಳಿ ಬರೆದಂತೆ, ಮನಸ್ತಾಪ ಬಂದು ರಾಣಿಯು ಗಂಡನನ್ನು ತೊರೆದಳು. ಅವನು ಕೊಟ್ಟ ಒಡವೆಗಳನ್ನು ಹಿಂದಕ್ಕೆ ಕಳುಹಿಸಿದಳು. ಅವಮಾನಿತನಾದ ಬಂಗನು ಹೊಂಚು ಹಾಕಿ, ಆಕೆ ನದಿಯಲ್ಲಿ ದೋಣಿಯ ಮೇಲೆ ಹೋಗುತ್ತಿದ್ದಾಗ ಸೆರೆಹಿಡಿದನು. ಮತ್ತೆ ಸಂಸಾರಕ್ಕೆ ಬರುವೆನೆಂದು ಮಾತು ಕೊಟ್ಟು ಆಕೆ ಬಿಡಿಸಿಕೊಂಡಳು. ಊರು ಸೇರಿದೊಡನೆ ಯುದ್ಧ ಸಾರಿದಳು. ಬಂಗನ ಬೆನ್ನಿಗೆ ಪೋರ್ಚುಗೀಸರು ನಿಂತರು. ರಾಣಿಯು ವೆಂಕಟಪ್ಪನಾಯಕನನ್ನು ಕರೆದಳು. ನಾಯಕನು ಬಂದು ಬಂಗರ ಸೀಮೆಯನ್ನೇ ಹಿಡಿದುಕೊಂಡನು. ನೇತ್ರಾವತಿಯ ತೀರದಲ್ಲಿ ಗಂಡಹೆಂಡಿರಿಗೆ ಆದ ಜಗಳವೇ ಶರಾವತಿಯಲ್ಲಿ ರಾಯಭಾರದ ದೋಣಿಗಳನ್ನು ಮೇಲಕ್ಕೆ ನಡೆಸಿತೆಂದರೆ ತಪ್ಪಾಗಲಾರದು.

ಹೊನ್ನಾವರದಿಂದ ದೋಣಿಗಳು ಹೊರಟುವು. ಎರಡು ದಡಗಳಲ್ಲೂ ಗುಡ್ಡ, ಕಾಡು, ನಡುನಡುವೆ ಹೊಲ. ತಣ್ಣನೆಯ ಅಗಲವಾದ ನೀರು. ಈ ದಾರಿಯ ಸೊಬಗನ್ನು ದೆಲ್ಲಾ ವಾಲ್ಲೆ ಮನಸಾರೆ ಹೊಗಳಿದ್ದಾನೆ. ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ದೇಶಗಳನ್ನು ಅಲೆದವನ ಹೊಗಳಿಕೆ ಅದು. ಗೇರುಸೊಪ್ಪೆಯನ್ನು ಸೇರಿದಾಗ ಅವನು ಕಂಡುದು ಹಾಳೂರು. ಅರಮನೆ ಬಿದ್ದುಹೋಗಿತ್ತು, ಬೀದಿಗಳ ಮೇಲೆ ಮರ ಬೆಳೆದಿತ್ತು, ಕೆಲವು ಬಡ ಗುಡಿಸಲುಗಳು ಮಾತ್ರ ಉಳಿದಿದ್ದುವು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದ ಒಡತಿಯ ರಾಜಧಾನಿ ಅದಾಗಿತ್ತು. ೧೬೦೬ರ ಸುಮಾರಿಗೆ ಇಕ್ಕೇರಿಯವರು ಅದನ್ನು ಗೆದ್ದಿದ್ದರು.

ಕೊನೆಯ ರಾಣಿಯು ಪರದೇಶದ ಕೀಳು ಮನುಷ್ಯನೊಬ್ಬನಿಗೆ ಮನಸೋತು, ಅಧಿಕಾರವನ್ನು ಅವನ ಕೈಗಿತ್ತು ಕೆಟ್ಟಳು. ಅವನೇ ತಿರುಗಿಬಿದ್ದು ವೆಂಕಟಪ್ಪನನ್ನು ಕರೆತಂದನು. ಆಕೆ ಇಕ್ಕೇರಿಯಲ್ಲಿ ಸೆರೆಯಾಗಿ ಸತ್ತಳು ಎಂಬ ಕಥೆಯನ್ನು ಅವನು ಬರೆದುಕೊಂಡಿದ್ದಾನೆ. ಇಲ್ಲಿ ನಾವು ಸ್ವಲ್ಪ ತಡೆದು ಯೋಚಿಸಬೇಕು. ಅವನೊಡನೆ ಇದ್ದವರು ಯಾರು? ಗೆದ್ದ ನಾಯಕನ ಕಡೆಯವರು, ಮತ್ತು ರಾಣಿಗೆ ಸಕಾಲದಲ್ಲಿ ನೆರವಾಗದ ಪೋರ್ಚುಗೀಸರು. ಸೋತ ರಾಣಿಯ ಸೋಲಿಗೆ ಪ್ರೇಮವೇ ಕಾರಣವೆಂದು ಹೇಳುವುದು ಇಬ್ಬರಿಗೂ ಅನುಕೂಲ. ನಾಡಿನ ನೆನಪಿನಲ್ಲಿ ಉಳಿದಿರುವ ಚೆನ್ನಭೈರಾದೇವಿಯಾದರೋ ಐವತ್ತಕ್ಕೂ ಹೆಚ್ಚು ವರ್ಷ ರಾಜ್ಯವಾಳಿ, ಪೋರ್ಚುಗೀಸರೊಡನೆ ಕಾದಾಡಿದ ಜೈನ ರಾಣಿ. ನಗರಬಸ್ತಿಕೇರಿಯ ಚತುರ್ಮುಖ ಬಸದಿಯು ಆ ಊರಿನ ಹಳೆಯ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ.

ಗೇರುಸೊಪ್ಪೆಯಲ್ಲಿ ದೋಣಿಯ ದಾರಿ ಮುಗಿಯಿತು. ಘಟ್ಟವನ್ನು ಹತ್ತಿದ ಮೇಲೆ ಹನುಮಂತನ ಗುಡಿಯ ಕೈಸಾಲೆಯಲ್ಲಿ ಅವನು ಕಂಡ ಒಂದು ನೋಟವನ್ನು ಹೇಳದೆ ಮುಂದೆ ಹೋಗಲಾಗದು. ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಪಾಠವನ್ನು ರಾಗವಾಗಿ ಹಾಡುತ್ತ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತಿದ್ದರು. ತಪ್ಪಿದರೆ ತಿದ್ದುವವರು ಯಾರೆಂದು ಕೇಳಿದಾಗ, ನಾಲ್ವರೂ ಒಮ್ಮೆಗೇ ಮರೆಯುವುದು ಹೇಗೆ ಸಾಧ್ಯ ಎಂಬ ಉತ್ತರ ಬಂತು. ನಮ್ಮ ಕೂಲಿಮಠದ ಮರಳಿನ ಪಾಠಕ್ಕೆ ಪರದೇಶದವನೊಬ್ಬನು ಕೊಟ್ಟ ಚಂದದ ಸಾಕ್ಷ್ಯ ಇದು.

ಇಕ್ಕೇರಿಯಲ್ಲಿ ರಾಯಭಾರದ ಮಾತುಕತೆ ನಡೆಯುತ್ತಿರಲು, ಒಂದು ದಿನ ಬೀದಿಯಲ್ಲಿ ಮೆರವಣಿಗೆ ಬಂತು. ಕುದುರೆಯ ಮೇಲೆ ಒಬ್ಬ ಹೆಂಗಸು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಸತ್ತ ಗಂಡನ ಹಿಂದೆ ಬೆಂಕಿಗೆ ಬೀಳಲು ನಿಶ್ಚಯಿಸಿದವಳು. ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ ಮಾಸ್ತಿಕಲ್ಲುಗಳನ್ನು ನೋಡಿದವರಿಗೆ, ಬಳೆ ತೊಟ್ಟು ಮೇಲೆತ್ತಿದ ಕೈಯೂ ಅದರಲ್ಲಿನ ನಿಂಬೆಹಣ್ಣೂ ಪರಿಚಿತವೇ. ಕಲ್ಲಿನಲ್ಲಿ ನಾವು ಕಾಣುವುದನ್ನು ಅವನು ಜೀವಂತವಾಗಿ ಕಂಡನು.

ನವೆಂಬರ್ ೧೬ರಂದು ಅವನು ಆಕೆಯ ಮನೆಗೇ ಹೋದನು. ಅವನು ಬರೆದ ಹೆಸರನ್ನು ನಮ್ಮ ಬಾಯಿಗೆ ತಂದರೆ ಜಕ್ಕಮ್ಮ ಎಂದಾಗುತ್ತದೆ. ತೆಲುಗರವಳು, ಸುಮಾರು ಮೂವತ್ತರ ಪ್ರಾಯ, ಗಂಡ ನಗಾರಿ ಬಾರಿಸುವವನಾಗಿದ್ದನು. ಯಾರಾದರೂ ಬಲವಂತ ಮಾಡಿದರೇ ಎಂದು ಕೇಳಿದನು. ಇಲ್ಲ, ನನ್ನ ಇಷ್ಟವೇ ಎಂದಳು. ಚಿಕ್ಕ ಮಕ್ಕಳನ್ನು ಹೇಗೆ ಬಿಟ್ಟು ಹೋಗುವೆ ಎಂದನು. ಬಂಧುವೊಬ್ಬರು ನೋಡಿಕೊಳ್ಳುವರು ಎಂದಳು. ಉಳಿದ ಇಬ್ಬರು ಹೆಂಡಿರಾದರೋ ತಮ್ಮ ಮಕ್ಕಳ ಸಲುವಾಗಿ ಬದುಕಿರಲು ನಿಶ್ಚಯಿಸಿದ್ದರು. ಅವನ ಮಾತು ಸಾಗಲಿಲ್ಲ. ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದನು, ಅದರಂತೆ ಬರೆದನು. ಆ ಪದ್ಧತಿಯನ್ನು ಕ್ರೂರವೆಂದು ಕರೆದನು. ಆಕೆಯ ಧೈರ್ಯವನ್ನು ಮಾತ್ರ ಹೀನಾಯವಾಗಿ ಕಾಣಲಿಲ್ಲ.

ಇತರ ಪರದೇಶದ ಪ್ರವಾಸಿಗಳೂ ಸಹಗಮನವನ್ನು ಬರೆದಿದ್ದಾರೆ. ಹೆಚ್ಚಿನವರು ದೂರದಿಂದ ನೋಡಿದವರು. ಇವನು ಹತ್ತಿರ ಕುಳಿತು, ಹೆಸರು ಕೇಳಿ, ಮಕ್ಕಳನ್ನು ವಿಚಾರಿಸಿದನು. ತನ್ನ ಹೆಂಡತಿಯ ಪೆಟ್ಟಿಗೆಯನ್ನು ಎರಡು ವರ್ಷದಿಂದ ಜೋಪಾನ ಮಾಡುತ್ತಿದ್ದವನಿಗೆ ಸತ್ತವರನ್ನು ಬಿಡಲಾರದ ಸಂಕಟ ಪುಸ್ತಕದ ವಿಷಯವಾಗಿರಲಿಲ್ಲ. ಆದರೂ ಎರಡು ನಿಷ್ಠೆಗಳಿಗೆ ಸಮಾಜವು ಕೇಳಿದ ಬೆಲೆ ಒಂದೇ ಅಲ್ಲ. ಗಂಡನಾದವನು ನೆನಪನ್ನು ಹೊತ್ತು ಬದುಕಬಹುದಾಗಿತ್ತು. ಹೆಂಡತಿಯಾದವಳ ನೆನಪಿಗೆ ಅವಳ ಪ್ರಾಣವನ್ನೇ ಕಾಣಿಕೆಯಾಗಿ ಪಡೆದರು. ಜಕ್ಕಮ್ಮನು ‘ನನ್ನ ಇಷ್ಟ’ ಎಂದ ಮಾತನ್ನು ನಾವು ಗೌರವದಿಂದಲೇ ಕೇಳಬೇಕು. ಆ ಇಷ್ಟವನ್ನು ರೂಪಿಸಿದ ಮೆರವಣಿಗೆಯನ್ನೂ ನಗಾರಿಯನ್ನೂ ಮರೆಯಬಾರದು.

ಇಕ್ಕೇರಿಯಿಂದ ದೆಲ್ಲಾ ವಾಲ್ಲೆ ಬಸರೂರಿಗೆ ಇಳಿದು ಮಂಗಳೂರಿಗೆ ಹೋದನು. ಅಲ್ಲಿ, ಗಂಡನ ಒಡವೆ ಹಿಂದಿರುಗಿಸಿದ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡನು. ಆಕೆ ತೋಡಿಸುತ್ತಿದ್ದ ಅಗಳುಗಳನ್ನು ನೋಡಲು ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ಉಡುಗೆಯಿಂದ ನೋಡಿದರೆ ಅಡುಗೆಯ ಹೆಂಗಸೆನ್ನಬೇಕು, ಮಾತಿನಿಂದ ನೋಡಿದರೆ ರಾಣಿಯೇ ಸರಿ ಎಂಬುದು ಅವನ ಅಭಿಪ್ರಾಯ. ಒಂದೇ ಪ್ರಯಾಣದಲ್ಲಿ ಗಂಡನೊಡನೆ ಉರಿಯಹೊರಟವಳೂ ಸಿಕ್ಕಳು, ಗಂಡನನ್ನು ಬಿಟ್ಟು ಕೆಲಸದವರ ನಡುವೆ ನಿಂತವಳೂ ಸಿಕ್ಕಳು. ಆ ಕಾಲದ ಹೆಂಗಸಿನ ಬಾಳು ಹೀಗೆಯೇ ಇತ್ತೆಂದು ಒಂದು ಮಾತಿನಲ್ಲಿ ಹೇಳುವವರು ಇವೆರಡನ್ನೂ ಒಟ್ಟಿಗೆ ನೋಡುವುದು ಒಳ್ಳೆಯದು.

೧೬೨೪ರ ನವೆಂಬರಿನಲ್ಲಿ ಅವನು ಗೋವೆಯನ್ನು ಬಿಟ್ಟು, ಮಸ್ಕತ್, ಬಸ್ರಾ, ಅಲೆಪ್ಪೊ ಮಾರ್ಗವಾಗಿ ೧೬೨೬ರ ಮಾರ್ಚಿನಲ್ಲಿ ರೋಮಿಗೆ ಮುಟ್ಟಿದನು. ೧೬೨೭ರಲ್ಲಿ ಅರಾಚೇಲಿ ಚರ್ಚಿನಲ್ಲಿ, ತನ್ನ ಮನೆತನದ ನೆಲಮನೆಯಲ್ಲಿ ಮಾನಿಯನ್ನು ಇರಿಸಿದನು. ಮುಂದೆ ಅದೇ ಮರಿಯುಚ್ಚಾಳನ್ನು ಮದುವೆಯಾಗಿ ಬಹು ಮಕ್ಕಳ ತಂದೆಯಾದನು, ೧೬೫೨ರಲ್ಲಿ ತೀರಿಕೊಂಡನು. ನೇಪಲ್ಸಿನ ವೈದ್ಯ ಮಿತ್ರನಿಗೆ ಬರೆದ ಕಾಗದಗಳೇ ಅವನ ಪ್ರವಾಸಗ್ರಂಥ. ಭಾರತದ ಭಾಗವು ಅಚ್ಚಾದುದು ಅವನು ಸತ್ತ ಮೇಲೆ, ೧೬೬೩ರಲ್ಲಿ.

ಗೇರುಸೊಪ್ಪೆಯ ನೀರದಾರಿಯೂ ಹಳೆಯ ರೀತಿಯಲ್ಲಿ ಉಳಿದಿಲ್ಲ. ಜನರೂ ಸರಕೂ ರಸ್ತೆಗೆ ಹೋದುವು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿತು. ವಿದ್ಯುದಾಗಾರಗಳಿಂದ ಬೇಸಗೆಯಲ್ಲೂ ಸಿಹಿನೀರು ಇಳಿಯತೊಡಗಿ ಅಳಿವೆಯ ಉಪ್ಪು ತೆಳುವಾಯಿತು. ಆ ನದಿಯ ವಿದ್ಯುತ್ತು ಘಟ್ಟವನ್ನು ದಾಟಿ ನಮ್ಮ ಊರಿಗೂ ಬಂದು, ರಾಜಾಜಿನಗರದ ದೀಪಗಳನ್ನೂ ಮನೆಮನೆಯ ರೇಡಿಯೋವನ್ನೂ ನಡೆಸಿದೆ. ಹೀಗಾಗಿ ಶರಾವತಿಯು ಬೆಂಗಳೂರಿನ ಪಶ್ಚಿಮದ ಬಡಾವಣೆಗಳಿಗೆ ತೀರ ಪರಸ್ಥಳವೇನೂ ಅಲ್ಲ. ಹೊನ್ನಾವರದ ಸೇತುವೆಯನ್ನು ರೈಲಿನಲ್ಲಿ ದಾಟುವವರು ಕಿಟಕಿಯಿಂದ ಮೂಡಲಿಗೆ ನೋಡಿದರೆ, ಅಗಲವಾದ ನೀರು ಗುಡ್ಡಗಳ ನಡುವೆ ತಿರುಗಿ ಒಳನಾಡಿಗೆ ಹೋಗುವುದು ಕಾಣುತ್ತದೆ. ಆ ದೋಣಿಗಳು ಹೋದುದು ಆ ತಿರುವಿನಲ್ಲೇ.