ಉಳಿದವಳ ಧರ್ಮ

ಗದಗದಿಂದ ಕೊಪ್ಪಳದ ದಾರಿ ಹಿಡಿದು ಹನ್ನೆರಡು ಕಿಲೋಮೀಟರ್ ಹೋದರೆ ಲಕ್ಕುಂಡಿ. ಅಲ್ಲಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದ್ದು ಯಾವ ರಾಜನೂ ಅಲ್ಲ. ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು. ಹೆಸರು ಅತ್ತಿಮಬ್ಬೆ. ಆಕೆಯ ದಾನವನ್ನು ಸಾರುವ 1007ರ ಶಾಸನವೂ ಅಲ್ಲಿದೆ. ಶಾಲೆಯಲ್ಲಿ ನಾವು ಆಕೆಯನ್ನು 'ದಾನಚಿಂತಾಮಣಿ' ಎಂದು ಬಾಯಿಪಾಠ ಮಾಡಿದೆವು. ಆಕೆ ವಿಧವೆಯಾಗಿದ್ದಳು ಎಂಬುದನ್ನು ಮಾತ್ರ ಯಾರೂ ಒತ್ತಿ ಹೇಳಲಿಲ್ಲ.

ಚಾಲುಕ್ಯ ತೈಲಪನ ಸೇನಾನಿ ನಾಗದೇವನಿಗೆ ಅಕ್ಕತಂಗಿಯರಿಬ್ಬರು ಹೆಂಡಂದಿರು. ಆತ ತೀರಿಕೊಂಡಾಗ ತಂಗಿ ಗುಂಡಮಬ್ಬೆ ಚಿತೆಯೇರಿದಳು. ಅಂದು ಅದೇ ಹೆಣ್ಣಿನ ಹಿರಿಮೆ. ಅಕ್ಕ ಅತ್ತಿಮಬ್ಬೆ ಉಳಿದಳು. ಮಗ ಅಣ್ಣಿಗದೇವನನ್ನು ಬೆಳೆಸಬೇಕಿತ್ತು. ಒಂದೇ ಮನೆ, ಒಂದೇ ದುಃಖ, ದಾರಿ ಎರಡು. ಹೋದವಳನ್ನು ನಾವು ದೂರಬೇಕಿಲ್ಲ. ಆದರೆ ಊರವರ ಕಣ್ಣೆದುರು ಉಳಿದು ಬಾಳುವುದಕ್ಕೆ ಎಂಥ ಧೈರ್ಯ ಬೇಕಾಗಿದ್ದೀತು!

ಉಳಿದವಳು ಮೂಲೆ ಹಿಡಿಯಲಿಲ್ಲ. ತನ್ನ ತಂದೆ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ ಪೊನ್ನನಿಂದ ಬರೆಸಿದ್ದ 'ಶಾಂತಿಪುರಾಣ'ದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಕೂಟವಿಲ್ಲದ ಕಾಲ. ಒಂದೊಂದು ಓಲೆಯ ಮೇಲೂ ಕಂಠದಿಂದ ಅಕ್ಷರ ಕೊರೆದು ಮಸಿ ತುಂಬಬೇಕು. 1500 ಜಿನಬಿಂಬಗಳನ್ನು ದಾನ ಮಾಡಿದಳು. 993ರಲ್ಲಿ ರನ್ನ 'ಅಜಿತಪುರಾಣ' ಬರೆದದ್ದು ಆಕೆಯ ಆಶ್ರಯದಲ್ಲಿ. ತನ್ನ ಬದುಕು ಮುಗಿಯಿತೆಂದು ಆಕೆ ಒಪ್ಪಿಕೊಂಡಿದ್ದರೆ ಕನ್ನಡಕ್ಕೆ ಎಷ್ಟು ನಷ್ಟವಾಗುತ್ತಿತ್ತು!

ಇದು ಜೈನರ ಕಥೆ, ನಮಗೇಕೆ ಎನ್ನುವವರು ಉಂಟು. ಹಜ್ರತ್ ಖದೀಜಾರು ಪ್ರವಾದಿಯವರ ಕೈಹಿಡಿದಾಗ ವಿಧವೆಯೇ ಆಗಿದ್ದರು, ಮಕ್ಕಾದ ವ್ಯಾಪಾರಸ್ಥೆಯಾಗಿದ್ದರು. ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ ಎಂದಿದೆ ಕುರ್‌ಆನ್. ಅದರಾಚೆಗೆ ಆಕೆಯ ಬದುಕು ಆಕೆಯದು. ಆದರೆ ನಮ್ಮ ಗಲ್ಲಿಗಳಲ್ಲಿ? ನಮ್ಮ ಬಂಧುಗಳ ಮನೆಯ ಮದುವೆಯೊಂದರಲ್ಲಿ ವಧುವಿಗೆ ಅರಿಶಿನ ಹಚ್ಚುವಾಗ, ನಸುಕಿನಿಂದ ಒಲೆಯ ಮುಂದೆ ಬೆಂದಿದ್ದ ಖಾಲಾ ಬಾಗಿಲಾಚೆಗೆ ಸರಿದು ನಿಂತರು. ಯಾರೂ ಸರಿಯಿರಿ ಎನ್ನಲಿಲ್ಲ. ಬನ್ನಿ ಎಂದೂ ಅನ್ನಲಿಲ್ಲ. ನಾವೂ ಅಲ್ಲೇ ಇದ್ದೆವು. ಯಾವ ಕಿತಾಬಿನಲ್ಲೂ ಇಲ್ಲದ ಈ ಕಟ್ಟಳೆಯನ್ನು ಕಾಯುತ್ತಿರುವವರು ನಾವೇ ಅಲ್ಲವೆ?

ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೂ ಶಿರಹಟ್ಟಿಯ ಫಕ್ಕೀರೇಶ್ವರನ ಜಾತ್ರೆಗೂ ಬೆಟಗೇರಿ, ಮುಂಡರಗಿಯ ಹೆಂಗಸರು ಜಾತಿ ನೋಡದೆ ಹೋಗುತ್ತಾರೆ. ಹೊಸ್ತಿಲಾಚೆ ಅಷ್ಟು ಔದಾರ್ಯವಿರುವ ಈ ನೆಲದಲ್ಲಿ, ಹೊಸ್ತಿಲೊಳಗಿನ ಖಾಲಾರಿಗೆ ಮಾತ್ರ ಏಕಿಷ್ಟು ಕಡಿಮೆ ಕರುಣೆ?

ಆಕೆ ತನ್ನನ್ನು ತಾನು ಅಪಶಕುನವೆಂದು ನಂಬಿಬಿಟ್ಟಿರುವುದೇ ಎಲ್ಲಕ್ಕಿಂತ ದೊಡ್ಡ ಗಾಯ. ಉಪದೇಶದಿಂದ ಅದು ಮಾಯುವಂಥದ್ದಲ್ಲ. ಮುಂದಿನ ಮದುವೆಯಲ್ಲಿ ಅರಿಶಿನದ ಬಟ್ಟಲನ್ನು ಮೊದಲು ಆಕೆಯ ಕೈಗೇ ಕೊಡೋಣ.