ಮೇಸ್ತ್ರಿಯಿಂದ ರಿಕ್ರೂಟರ್‌ವರೆಗೆ: ಮಾತು ಕೊಡೋನು ಒಬ್ಬ, ಕಾಸು ಕೊಡೋನು ಇನ್ನೊಬ್ಬ

ದುಡಿಮೆಯ ಚರಿತ್ರೆ | ಭಾಗ 6

ಡಿಗ್ರಿ ಮುಗಿದ ಮೇಲೆ ನಮ್ಮಲ್ಲಿ ಎಷ್ಟೋ ಜನಕ್ಕೆ ಸಿಗೋ ಮೊದಲ ಕೆಲಸ ಸ್ಟಾಫಿಂಗ್ ಕಂಪನಿಯಲ್ಲಿ ರಿಕ್ರೂಟರ್. ದಿನಕ್ಕೆ ಇಷ್ಟು ಕಾಲ್, ತಿಂಗಳಿಗೆ ಇಷ್ಟು ಜಾಯಿನಿಂಗ್ ಅಂತ ಟಾರ್ಗೆಟ್. ಸಂಬಳ ಎಷ್ಟು, ಶಿಫ್ಟ್ ಯಾವುದು ಅಂತ ಮಾತು ಕೊಡೋರು ಇವರು. ಸಂಬಳ ಹಾಕೋದು ಮಾತ್ರ ಇವರ ಕೈಯಲ್ಲಿಲ್ಲ. ಮೇಲಿನವರು ಎಡವಿದ್ರೆ ಬೈಗುಳದ ಫೋನ್ ಇವರಿಗೇ. ಇದು ಹೊಸ ಕಾಲದ ಕಷ್ಟ ಅಂದ್ಕೊಂಡಿದ್ದೀರಾ? ಹಾಗಾದ್ರೆ ಕೊಡಗಿನ ಕಾಫಿ ತೋಟಕ್ಕೆ ಬನ್ನಿ. ☕

1️⃣ ಕೊಡಗು
1854ರಲ್ಲಿ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ಎಸ್ಟೇಟ್ ಶುರುವಾಯಿತು. ತೋಟಗಳು ಹೆಚ್ಚಿದಂತೆ ಆಳು ಸಾಲಲಿಲ್ಲ. ಘಟ್ಟದ ಕೆಳಗಿನಿಂದ, ಮೈಸೂರು ಸೀಮೆಯಿಂದ ಜನ ತರಬೇಕಿತ್ತು. ದೊರೆ ಊರೂರು ಅಲೆಯುತ್ತಾನಾ? ಅದಕ್ಕೇ ಮೇಸ್ತ್ರಿ. ದೊರೆ ಕೊಟ್ಟ ಮುಂಗಡವನ್ನು ಅವನು ಹಳ್ಳಿಯಲ್ಲಿ ಹಂಚಿ ಜನರನ್ನು ಕರೆತರುತ್ತಿದ್ದ. ಅವರ ದುಡಿಮೆಯ ಮೇಲೆ ಅವನಿಗೆ ಕಮಿಷನ್. ಆಳು ಓಡಿಹೋದರೆ ದೊರೆ ಹಿಡಿಯುತ್ತಿದ್ದುದು ಮೇಸ್ತ್ರಿಯ ಜುಟ್ಟು. ಮೇಸ್ತ್ರಿ ಹಿಡಿಯುತ್ತಿದ್ದುದು ಆಳಿನ ಜುಟ್ಟು.

ಕಾನೂನೂ ದೊರೆಯ ಕಡೆಗೇ ಇತ್ತು. 1859ರ 13ನೇ ಕಾಯ್ದೆ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟವನು ಮ್ಯಾಜಿಸ್ಟ್ರೇಟ್ ಆದೇಶಕ್ಕೂ ಬಗ್ಗದಿದ್ದರೆ 3 ತಿಂಗಳವರೆಗೆ ಜೈಲು. ಕೊಟ್ಟ ಮಾತು ತಪ್ಪಿದ ಮಾಲೀಕನಿಗೆ ಅದರಲ್ಲಿ ಜೈಲಿರಲಿಲ್ಲ! ಈ ಕಾಯ್ದೆ ರದ್ದಾಗಿದ್ದು 1920ರ ದಶಕದಲ್ಲಿ.

2️⃣ ಬೊಂಬಾಯಿ
ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ಇದೇ ಪಾತ್ರದ ಹೆಸರು ಜಾಬರ್. ಕೆಲಸಕ್ಕೆ ಸೇರಿಸೋನೂ ಅವನೇ, ಮೇಲುಸ್ತುವಾರಿಯೂ ಅವನದೇ. ಕೆಲಸ ಬೇಕಂದ್ರೆ ಅವನಿಗೆ ‘ದಸ್ತೂರಿ’ ಕೊಡಬೇಕು. 1931ರಲ್ಲಿ ವಿಟ್ಲಿ ಆಯೋಗ ಈ ಲಂಚವನ್ನು ಟೀಕಿಸಿ, ನೇಮಕಾತಿಯನ್ನು ಜಾಬರ್ ಕೈಯಿಂದ ತೆಗೆದು ಲೇಬರ್ ಆಫೀಸರ್‌ಗೆ ಕೊಡಿ ಅಂದಿತು. ಜಾಬರ್ ಸಾಚಾ ಅಂತ ನಾನು ಹೇಳ್ತಿಲ್ಲ. ಆದರೆ ಅವನಿಗೆ ಅಷ್ಟು ಅಧಿಕಾರ ಬಿಟ್ಟುಕೊಟ್ಟು, ಕಾರ್ಮಿಕರ ತಂಟೆಯೇ ಬೇಡ ಅಂತ ಆರಾಮಾಗಿ ಕೂತಿದ್ದು ಗಿರಣಿ ಮಾಲೀಕರು ತಾನೇ?

3️⃣ 1970
ಗುತ್ತಿಗೆ ಕಾರ್ಮಿಕ ಕಾಯ್ದೆ ಬಂತು. ಅದರ 21ನೇ ಸೆಕ್ಷನ್ ನೆನಪಿಟ್ಟುಕೊಳ್ಳಿ: ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕಿತ್ತು. ಸಂಬಳ ಹಂಚುವಾಗ ಮಾಲೀಕನ ಪ್ರತಿನಿಧಿ ಎದುರಿಗಿರಬೇಕಿತ್ತು. ನೂರು ವರ್ಷದ ಕಣ್ಣಾಮುಚ್ಚಾಲೆಗೆ ಇದು ಉತ್ತರವಾಗಿತ್ತು, ಕಾಗದದ ಮೇಲೆ.

4️⃣ ನರಸಾಪುರ, ಕೋಲಾರ
12 ಡಿಸೆಂಬರ್ 2020. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆ, ಗಾಜು ಪುಡಿ ಪುಡಿ. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಸ್ಟಾಫಿಂಗ್ ಕಂಪನಿಗಳ ಮೂಲಕ ಬಂದವರು. ಸಿಟ್ಟು ಸಂಬಳ ಮತ್ತು ಓವರ್‌ಟೈಮ್ ಬಗ್ಗೆ. ಮೊದಲ ದಿನಗಳಲ್ಲಿ ಎಲ್ಲರ ಬಾಯಲ್ಲೂ ಹುಡುಗರ ಪುಂಡಾಟದ ಮಾತೇ. ನೂರಕ್ಕೂ ಹೆಚ್ಚು ಜನ ಅರೆಸ್ಟ್ ಆದರು. ಆಮೇಲೆ ರಾಜ್ಯದ ಕಾರ್ಖಾನೆ ಇಲಾಖೆಯ ತನಿಖೆ ಬೇರೆ ಚಿತ್ರ ಕೊಟ್ಟಿತು: ಕಾರ್ಮಿಕರ ಸಂಖ್ಯೆ ಕೆಲವೇ ತಿಂಗಳಲ್ಲಿ 5,000ದಿಂದ 10,500ಕ್ಕೆ ಏರಿತ್ತು, ಅದಕ್ಕೆ ತಕ್ಕ ಎಚ್‌ಆರ್ ವಿಭಾಗವೇ ಇರಲಿಲ್ಲ, ಹಾಜರಾತಿ ವ್ಯವಸ್ಥೆಯೂ ಸರಿ ಇರಲಿಲ್ಲ. ಕೆಲವರಿಗೆ ಸಂಬಳ ತಡವಾಗಿದ್ದನ್ನು ಕಂಪನಿಯೂ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು.

ಮೇಸ್ತ್ರಿ, ಜಾಬರ್, ರಿಕ್ರೂಟರ್. ಹೆಸರು ಬದಲಾಯ್ತು, ಲೆಕ್ಕ ಬದಲಾಗಲಿಲ್ಲ. ಎಷ್ಟು ತಲೆ ತಂದೆ ಅನ್ನೋದಕ್ಕೆ ಕಾಸು ಕೊಟ್ಟರೆ, ಆ ತಲೆಗಳಿಗೆ ಆಮೇಲೆ ಏನಾಯ್ತು ಅಂತ ಕೇಳೋರು ಯಾರೂ ಇರಲ್ಲ. ಒಂದು ವ್ಯತ್ಯಾಸ ಇದೆ: ಮೇಸ್ತ್ರಿಗೆ ಕಮಿಷನ್ ಜೊತೆ ದರ್ಪವೂ ಇತ್ತು. ಇವತ್ತಿನ ರಿಕ್ರೂಟರ್ ಹುಡುಗಿಗೆ ಇರೋದು ಒಂದು ಹೆಡ್‌ಸೆಟ್ ಮತ್ತು ಟಾರ್ಗೆಟ್ ಶೀಟ್.

ಹಾಗಾಗಿ ಆ ಕುರ್ಚಿಯಲ್ಲಿ ಕೂರೋ ಗೆಳೆಯರೇ, ಸಂಬಳ, ಶಿಫ್ಟ್, ಓವರ್‌ಟೈಮ್ ಮೂರನ್ನೂ ಕ್ಲೈಂಟ್ ಹತ್ರ ಬರವಣಿಗೆಯಲ್ಲಿ ತಗೊಂಡ ಮೇಲೇ ಇನ್ನೊಬ್ಬರಿಗೆ ಮಾತು ಕೊಡಿ. ಸಂಬಳ ಬರದೆ ಸಿಟ್ಟಾಗಿರೋರೇ, ಫೋನ್ ಎತ್ತಿದವರನ್ನು ಬೈಯೋ ಮುಂಚೆ ಕೇಳಿ: ಮೂಲ ಮಾಲೀಕ ಎಲ್ಲಿ?

ನಿಮ್ಮ ಅಜ್ಜ ಅಜ್ಜಿ ಯಾರಾದ್ರೂ ಮೇಸ್ತ್ರಿ ಕರೆದು ತೋಟಕ್ಕೆ ಹೋದವರಾ? ಕಾಮೆಂಟ್‌ನಲ್ಲಿ ಬರೀರಿ. 👇

#ದುಡಿಮೆಯಚರಿತ್ರೆ #ಕೊಡಗು #ನರಸಾಪುರ #ಕನ್ನಡದಲ್ಲಿಇತಿಹಾಸ